ಮನೆಯಂಗಳಕ್ಕೆ ಬಂದ ಮಹಾವಿದ್ಯಾಲಯ

ಪಿ.ಯು.ಸಿ. ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ಮಗುವನ್ನು ಮುಂದೆ ಏನು ಓದಿಸಬೇಕು ಎಂಬುದು. ಎಲ್ಲಿ ಓದಿಸಬೇಕು, ಎಷ್ಟು ಖರ್ಚಾದೀತು ಎಂಬ ಎರಡನೆಯ ಪ್ರಶ್ನೆ ಅದರ ಬೆನ್ನಿಗೇ ಬರುತ್ತದೆ. ಮನೆಯಲ್ಲಿಯೇ ಕುಳಿತು, ಗಣಕಯಂತ್ರದ ಅಥವಾ ಮೊಬೈಲಿನ ಪರದೆಯ ಮೇಲೆ ಪಾಠ ಕೇಳಿ ಪದವಿ ಪಡೆಯಬಹುದು ಎಂಬ ಮಾತು ಈಗ ಈ ಚಿಂತೆಯ ನಡುವೆ ಸೇರಿಕೊಂಡಿದೆ. ಈ ಮಾತಿನಲ್ಲಿ ದೊಡ್ಡದೊಂದು ಸತ್ಯವೂ ಇದೆ, ದೊಡ್ಡದೊಂದು ಅಪಾಯವೂ ಇದೆ. ಇವೆರಡನ್ನೂ ಬೇರ್ಪಡಿಸಿ ಪಾಲಕರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕೆಲವು ತಿಂಗಳ ಹಿಂದೆ ನಮ್ಮ ಪರಿಚಯದ ರೈತರೊಬ್ಬರು ಬಣ್ಣದ ಕರಪತ್ರವೊಂದನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಅವರ ಮಗ ಡಿಪ್ಲೊಮಾ ಮುಗಿಸಿ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಮನೆಯಲ್ಲಿಯೇ ಕುಳಿತು ಬಿ.ಇ. ಪದವಿ ಪಡೆಯಿರಿ ಎಂದು ಆ ಕರಪತ್ರ ಕರೆಯುತ್ತಿತ್ತು. ಮೆಕ್ಕೆಜೋಳ ಮಾರಿ ಬಂದ ಹಣವನ್ನು ಮುಂಗಡ ಕಟ್ಟಲೆಂದೇ ಅವರು ತೆಗೆದಿರಿಸಿದ್ದರು. ಎರಡು ದಿನ ತಾಳಿರಿ ಎಂದು ನಾವು ಕೇಳಿಕೊಂಡೆವು. ಆ ಎರಡು ದಿನಗಳಲ್ಲಿ ನಾವು ಅವರಿಗೆ ವಿವರಿಸಿದ ಸಂಗತಿಗಳನ್ನೇ ಇಲ್ಲಿ ಓದುಗರಿಗೂ ಅರಿಕೆ ಮಾಡುತ್ತೇವೆ.

ಮೊದಲು ಅಪಾಯದ ಮಾತು. ನಮ್ಮ ದೇಶದಲ್ಲಿ ಎಂಜಿನಿಯರಿಂಗ್ ಪದವಿಯನ್ನು ಅಂಚೆ ಶಿಕ್ಷಣದಿಂದಾಗಲಿ, ಆನ್‌ಲೈನ್ ಮೂಲಕವಾಗಲಿ ಕೊಡಲು ಅನುಮತಿ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2020ರ ನಿಯಮಗಳು ಎಂಜಿನಿಯರಿಂಗ್, ವೈದ್ಯಕೀಯ, ದಂತವೈದ್ಯಕೀಯ, ಔಷಧಶಾಸ್ತ್ರ, ಕಾನೂನು ಮುಂತಾದ ವಿಷಯಗಳನ್ನು ಈ ಮಾರ್ಗದಿಂದ ಹೊರಗಿಟ್ಟಿವೆ. ಇದಕ್ಕೂ ಮುಂಚೆ, 2017ರ ನವೆಂಬರ್ 3ರಂದು ಸರ್ವೋಚ್ಚ ನ್ಯಾಯಾಲಯವು ಮಹತ್ತ್ವದ ತೀರ್ಪೊಂದನ್ನು ನೀಡಿತ್ತು. ನಾಲ್ಕು ಪರಿಗಣಿತ ವಿಶ್ವವಿದ್ಯಾಲಯಗಳು ದೂರಶಿಕ್ಷಣದ ಮೂಲಕ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳು ಅಂದು ಪ್ರಶ್ನೆಗೆ ಒಳಗಾದವು. 2001ರಿಂದ 2005ರವರೆಗಿನ ಅವಧಿಯಲ್ಲಿ ಸೇರಿದವರ ಪದವಿಗಳನ್ನು ಅಮಾನತಿನಲ್ಲಿಟ್ಟು, ಪುನಃ ಪರೀಕ್ಷೆ ಬರೆಯುವ ಅವಕಾಶವನ್ನು ಕೊಡಲಾಯಿತು. ಅನಂತರ ಸೇರಿದವರ ಪದವಿಗಳು ರದ್ದಾದವು. ವರ್ಷಗಟ್ಟಲೆ ಓದಿ, ಉದ್ಯೋಗ ಹಿಡಿದು, ಸಂಸಾರ ಹೂಡಿದವರ ಕೈಯಲ್ಲಿದ್ದ ಪತ್ರ ಒಂದೇ ದಿನದಲ್ಲಿ ಬೆಲೆ ಕಳೆದುಕೊಂಡಿತು. ಇದಕ್ಕಿಂತ ದೊಡ್ಡ ಎಚ್ಚರಿಕೆ ಪಾಲಕರಿಗೆ ಬೇರೆ ಬೇಕಿಲ್ಲ.

ಈ ನಿರ್ಬಂಧಕ್ಕೆ ಕಾರಣವೂ ಇದೆ. ಸೇತುವೆ ಕಟ್ಟುವವನು ಕಾಂಕ್ರೀಟಿನ ಬಲವನ್ನು ಕಣ್ಣಾರೆ ಕಂಡು ಪರೀಕ್ಷಿಸಿರಬೇಕು. ಯಂತ್ರ ನಡೆಸುವವನು ಅದರ ಬಿಸಿಯನ್ನೂ ಸದ್ದನ್ನೂ ಬಲ್ಲವನಾಗಿರಬೇಕು. ಈಜು ಕಲಿಯಲು ನೀರಿಗೆ ಇಳಿಯಲೇಬೇಕಷ್ಟೆ. ಪ್ರಯೋಗಾಲಯದ ಕೊರತೆಯನ್ನು ಕೊಂಚ ತುಂಬಿಕೊಡಲು ಕೇಂದ್ರ ಸರ್ಕಾರವು ವರ್ಚುಯಲ್ ಲ್ಯಾಬ್ಸ್ ಎಂಬ ಯೋಜನೆಯನ್ನು ನಡೆಸುತ್ತಿದ್ದು, ಅದರಲ್ಲಿ ಭಾಗಿಯಾದ ಸಂಸ್ಥೆಗಳಲ್ಲಿ ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯೂ ಒಂದು. ಪ್ರಯೋಗದ ಕ್ರಮವನ್ನು ಪರದೆಯ ಮೇಲೆ ಮಾಡಿ ತಿಳಿಯಲು ಅದು ತುಂಬ ಸಹಾಯಕ. ಆದರೆ ಅದು ಕೈಕೆಲಸಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಹಾಗಾದರೆ ಆನ್‌ಲೈನ್ ಶಿಕ್ಷಣವೆಲ್ಲವೂ ಮೋಸವೇ? ಖಂಡಿತ ಅಲ್ಲ. ಇನ್ನು ಸತ್ಯದ ಮಾತಿಗೆ ಬರೋಣ.

ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ, ಕೇಂದ್ರ ಸರ್ಕಾರದ ಧನಸಹಾಯದಿಂದ 2003ರಲ್ಲಿ ಎನ್‌ಪಿಟಿಇಎಲ್ ಎಂಬ ಯೋಜನೆಯನ್ನು ಆರಂಭಿಸಿದವು. ಈ ಮಹಾಸಂಸ್ಥೆಗಳ ಪ್ರಾಧ್ಯಾಪಕರ ಪಾಠಗಳನ್ನು ಚಿತ್ರೀಕರಿಸಿ, ಯಾರು ಬೇಕಾದರೂ ಯಾವ ಶುಲ್ಕವೂ ಇಲ್ಲದೆ ಕೇಳುವಂತೆ ಮಾಡಿದ್ದು ಅದರ ಹಿರಿಮೆ. ಇದನ್ನು ಜ್ಞಾನದಾಸೋಹವೆಂದು ಕರೆದರೆ ಅತಿಶಯವಾಗಲಾರದು. 2014ರಿಂದ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಏರ್ಪಾಡೂ ಆಯಿತು. ನಾಲ್ಕು, ಎಂಟು ಅಥವಾ ಹನ್ನೆರಡು ವಾರಗಳ ಪಾಠ. ವಾರವಾರವೂ ಮನೆಯಲ್ಲಿ ಮಾಡಿ ಒಪ್ಪಿಸಬೇಕಾದ ಅಭ್ಯಾಸ. ಕೊನೆಗೆ ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರಿನಲ್ಲಿ ಬರೆಯುವ ಪರೀಕ್ಷೆ. ಕಲಿಕೆಗೆ ಹಣವಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ. ಹಲವು ಪಾಠಗಳಿಗೆ ಕನ್ನಡದಲ್ಲಿಯೂ ಅನುವಾದ ಲಭ್ಯವಿರುವುದು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಧೈರ್ಯ ತುಂಬುವ ಸಂಗತಿ.

2017ರ ಜುಲೈ 9ರಂದು ಸ್ವಯಂ ಎಂಬ ರಾಷ್ಟ್ರೀಯ ವೇದಿಕೆ ಉದ್ಘಾಟನೆಗೊಂಡಿತು. ಅದರೊಡನೆ ಬಂದ ಸ್ವಯಂ ಪ್ರಭಾ ಆರಂಭದಲ್ಲಿ 32 ದೂರದರ್ಶನ ವಾಹಿನಿಗಳ ಮೂಲಕ ಪಾಠಗಳನ್ನು ಬಿತ್ತರಿಸಿತು. ಅಂತರ್ಜಾಲ ಸರಿಯಾಗಿ ಸಿಗದ ಹಳ್ಳಿಗಳಿಗೆ ಇದು ವರವೇ ಸರಿ. ಈಗಾಗಲೇ ಕಾಲೇಜು ಸೇರಿರುವ ಮಕ್ಕಳಿಗೂ ಇದರಿಂದ ಪ್ರಯೋಜನವಿದೆ. ಒಂದು ಸೆಮಿಸ್ಟರಿನ ಒಟ್ಟು ವಿಷಯಗಳಲ್ಲಿ ಪ್ರತಿಶತ 40ರವರೆಗೆ ಸ್ವಯಂ ಮೂಲಕ ಕಲಿತು, ಆ ಅಂಕಗಳನ್ನು ತಮ್ಮ ಪದವಿಗೆ ಸೇರಿಸಿಕೊಳ್ಳಲು ಆಯೋಗದ 2021ರ ನಿಯಮಗಳು ಅವಕಾಶ ಕೊಡುತ್ತವೆ. ಆದರೆ ತಮ್ಮ ಕಾಲೇಜು ಯಾವ ಪಾಠವನ್ನು ಒಪ್ಪುತ್ತದೆ ಎಂಬುದನ್ನು ಮೊದಲೇ ಕೇಳಿ ತಿಳಿಯತಕ್ಕದ್ದು.

ಗಣಕವಿಜ್ಞಾನದ ವಿಷಯದಲ್ಲಂತೂ ಪೂರ್ಣ ಪದವಿಯ ದಾರಿಯೇ ತೆರೆದಿದೆ. ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳು ಆಯೋಗದ ಅನುಮತಿಯೊಡನೆ ನಡೆಸುವ ಆನ್‌ಲೈನ್ ಬಿ.ಸಿ.ಎ. ಪದವಿಗೆ ಕಾಲೇಜಿನ ಪದವಿಗೆ ಸಮನಾದ ಬೆಲೆಯಿದೆ. ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ದತ್ತಾಂಶ ವಿಜ್ಞಾನದ ಪದವಿಯು ಇನ್ನೊಂದು ಉತ್ತಮ ನಿದರ್ಶನ. ಇದಕ್ಕೆ ಜೆಇಇ ಪರೀಕ್ಷೆಯ ಅಂಕಗಳು ಕಡ್ಡಾಯವಲ್ಲ. ಕಲಾ ಅಥವಾ ವಾಣಿಜ್ಯ ವಿಭಾಗದಲ್ಲಿ ಓದಿದವರೂ ಸೇರಬಹುದು. ಹತ್ತನೆಯ ತರಗತಿಯಲ್ಲಿ ಗಣಿತ ಹಾಗೂ ಇಂಗ್ಲಿಷ್ ಓದಿರಬೇಕು. ಮೊದಲು ನಾಲ್ಕು ವಾರ ಪಾಠ ಕೇಳಿ, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಪ್ರವೇಶ. ಬುನಾದಿ, ಡಿಪ್ಲೊಮಾ, ಬಿ.ಎಸ್ಸಿ., ಬಿ.ಎಸ್. ಎಂದು ಮೆಟ್ಟಿಲುಗಳಿದ್ದು, ಯಾವ ಮೆಟ್ಟಿಲಿನಲ್ಲಿ ನಿಂತರೂ ಅಲ್ಲಿಯವರೆಗಿನ ಓದಿಗೆ ತಕ್ಕ ಪತ್ರ ದೊರೆಯುತ್ತದೆ. ಆದಾಯ ಕಡಿಮೆಯಿರುವ ಕುಟುಂಬಗಳ ಮಕ್ಕಳಿಗೆ ಶುಲ್ಕದಲ್ಲಿ ಪ್ರತಿಶತ 75ರವರೆಗೆ ವಿನಾಯಿತಿ ಇದೆ. ಇದೇ ಸಂಸ್ಥೆ 2023ರಲ್ಲಿ ಎಲೆಕ್ಟ್ರಾನಿಕ್ ವ್ಯವಸ್ಥೆಗಳ ಪದವಿಯನ್ನೂ ಆರಂಭಿಸಿತು. ಅದರ ಪ್ರಯೋಗಗಳಿಗಾಗಿ ವಿದ್ಯಾರ್ಥಿಗಳು ಚೆನ್ನೈಗೆ ಹೋಗಿ ಬರಬೇಕಾಗುತ್ತದೆ ಎಂಬುದು ನಾವು ಮೇಲೆ ಹೇಳಿದ ಮಾತಿಗೆ ಪುಷ್ಟಿ ಕೊಡುತ್ತದೆ. ಇವು ಬಿ.ಟೆಕ್. ಪದವಿಗಳಲ್ಲವೆಂಬುದನ್ನೂ ಮರೆಯಬಾರದು.

ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತ ಮನೆಯಲ್ಲಿ ಉಳಿದ ಮಗಳು, ಅಂಗಡಿಯಲ್ಲಿ ತಂದೆಗೆ ನೆರವಾಗುವ ಮಗ, ಮದುವೆಯಾಗಿ ಓದು ನಿಂತುಹೋದ ಸೊಸೆ, ಇಂಥವರಿಗೆ ಈ ದಾರಿ ಹೊಸ ಬಾಳನ್ನೇ ಕೊಡಬಲ್ಲದು. ಆದರೆ ಇಲ್ಲಿ ಹಾಜರಿ ಕೂಗುವ ಗುರುಗಳು ಎದುರಿಗಿಲ್ಲ. ಪಕ್ಕದಲ್ಲಿ ಕುಳಿತು ಓದುವ ಗೆಳೆಯರೂ ಇಲ್ಲ. ದಿನಕ್ಕೆ ಎರಡು ಗಂಟೆಯಾದರೂ ತಪ್ಪದೆ ಕುಳಿತು ಓದುವ ನಿಷ್ಠೆ ಬೇಕು. ಓದುತ್ತಿರುವವರನ್ನು ಮನೆಯಲ್ಲಿಯೇ ಇದ್ದಾರಲ್ಲ ಎಂದು ಪದೇ ಪದೇ ಕೆಲಸಕ್ಕೆ ಕರೆಯದಿರುವ ವಿವೇಕ ಹಿರಿಯರಿಗೂ ಬೇಕು. ಸೊಸೆ ಪಾಠ ಕೇಳುವ ಹೊತ್ತಿಗೆ ಒಲೆಯ ಮುಂದೆ ಬೇರೊಬ್ಬರು ನಿಂತರೆ ಮನೆಗೆ ಯಾವ ಕುಂದೂ ಬಾರದು.

ಹಣ ಕಟ್ಟುವ ಮುನ್ನ ಪಾಲಕರು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಸವಿನಯ ಸೂಚನೆ. ಕೊಡುವುದು ಪದವಿಯೋ, ಬರಿಯ ಪ್ರಮಾಣಪತ್ರವೋ? ಆ ಸಂಸ್ಥೆಯೂ ಆ ಪಠ್ಯಕ್ರಮವೂ ಆಯೋಗದ ಅನುಮತಿಯ ಪಟ್ಟಿಯಲ್ಲಿ ಆ ವರ್ಷಕ್ಕೆ ಇವೆಯೇ? ಪರೀಕ್ಷೆಯನ್ನು ಯಾರು, ಹೇಗೆ ನಡೆಸುತ್ತಾರೆ? ಈ ಮೂರಕ್ಕೂ ನೇರವಾದ ಉತ್ತರ ಬಾರದಿದ್ದರೆ ಹಣದ ಚೀಲದ ಬಾಯಿ ಬಿಚ್ಚಬಾರದು.

ಆ ರೈತ ಬಂಧುಗಳು ಮುಂಗಡ ಕಟ್ಟಲಿಲ್ಲ. ಉದ್ಯೋಗದಲ್ಲಿರುವ ಡಿಪ್ಲೊಮಾದವರಿಗೆ ಅನುಕೂಲವಾದ ವೇಳೆಯಲ್ಲಿ ಬಿ.ಇ. ತರಗತಿ ನಡೆಸಲು ತಾಂತ್ರಿಕ ಶಿಕ್ಷಣ ಪರಿಷತ್ತು 2023-24ರಿಂದ ಆಯ್ದ ಕಾಲೇಜುಗಳಿಗೆ ಅನುಮತಿ ಕೊಡುತ್ತಿರುವುದನ್ನು ನಾವು ತಿಳಿಸಿದೆವು. ಅವರ ಮಗ ಈಗ ಅಂಥ ಪ್ರವೇಶಕ್ಕೆ ಸಿದ್ಧನಾಗುತ್ತಿದ್ದಾನೆ. ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಎನ್‌ಪಿಟಿಇಎಲ್‌ನ ಗಣಿತ ಪಾಠ ಕೇಳುತ್ತಾನಂತೆ. ಅವನ ತಂಗಿಯೂ ಪಕ್ಕದಲ್ಲಿ ಕುಳಿತು ಕೇಳತೊಡಗಿದ್ದಾಳೆಂದು ತಿಳಿದು ನಮಗೆ ಇನ್ನಷ್ಟು ಸಂತೋಷವಾಯಿತು. ವಿದ್ಯೆ ಬಾಗಿಲಿಗೆ ಬಂದು ನಿಂತಿದೆ. ಬಂದವರು ಯಾರೆಂದು ವಿಚಾರಿಸಿಕೊಂಡು ಬಾಗಿಲು ತೆರೆಯುವುದು ನಮ್ಮ ನಿಮ್ಮೆಲ್ಲರ ಹೊಣೆ.