ಜಗಲಿ ಮತ್ತೆ ತುಂಬಲಿ



2020ರ ಮಾರ್ಚ್ 25 ನೆನಪಿದೆಯಾ? ಅಂದು ಯುಗಾದಿ ಹಬ್ಬ. ಬಾಗಿಲಿಗೆ ಮಾವಿನ ತೋರಣ ಕಟ್ಟುವ ದಿನ. ಬೇವು ಬೆಲ್ಲ ಹಂಚಿ ತಿನ್ನುವ ದಿನ. ಅದೇ ದಿನ ದೇಶಕ್ಕೆಲ್ಲ ಬೀಗ ಬಿತ್ತು. ಲಾಕ್‌ಡೌನ್ ಎಂಬ ಹೊಸ ಮಾತು ನಮ್ಮ ಊರುಗಳಿಗೆ ಬಂತು. ಕೊರೊನಾ ಕಾಯಿಲೆ ಹರಡುತ್ತಿದೆ, ಯಾರೂ ಮನೆ ಬಿಟ್ಟು ಬರಬೇಡಿ ಎಂದರು.

ನಮ್ಮದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ. ರಾಗಿ, ದ್ರಾಕ್ಷಿ, ತರಕಾರಿ, ಹೂವು, ರೇಷ್ಮೆ ಬೆಳೆಯುವ ನಾಡು. ಕೊರೊನಾ ಬಂತು ಅಂತ ಹಸು ಹಾಲು ಕರೆಯೋದು ನಿಲ್ಲಲಿಲ್ಲ. ಕಳೆ ಕೀಳೋದು ನಿಲ್ಲಲಿಲ್ಲ. ಒಲೆ ಹಚ್ಚೋದು ನಿಲ್ಲಲಿಲ್ಲ. ಹೆಂಗಸರ ಕೆಲಸ ಯಾವುದೂ ನಿಲ್ಲಲಿಲ್ಲ.

ಹಾಗಾದರೆ ನಿಂತಿದ್ದು ಏನು? ಸಂತೆ ನಿಂತಿತು. ಜಾತ್ರೆ ನಿಂತಿತು. ಸಂಘದ ಸಭೆ ನಿಂತಿತು. ಭಜನೆ, ಕೋಲಾಟ, ಸೋಬಾನೆ ನಿಂತವು. ಸಂಜೆ ಜಗಲಿ ಮೇಲೆ ಕೂತು ಮಾತಾಡೋದು ನಿಂತಿತು. ಅಂದರೆ ದುಡಿಮೆ ಉಳಿಯಿತು, ನಗು ಹೋಯಿತು.

2021ರಲ್ಲಿ ಎರಡನೇ ಅಲೆ ಬಂತು. ಅದು ಇನ್ನೂ ಕಠಿಣ. ಸರ್ಕಾರದ ಲೆಕ್ಕದ ಪ್ರಕಾರವೇ ಕರ್ನಾಟಕದಲ್ಲಿ ಕೊರೊನಾದಿಂದ 40 ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಲಸಿಕೆಯೂ ಬಂತು. ಕಾಯಿಲೆಯ ಜೋರು ಇಳಿಯಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತು ಪರಿಸ್ಥಿತಿ ಮುಗಿಯಿತು ಎಂದು ಹೇಳಿತು.

ಬಾಗಿಲು ತೆರೆಯಿತು. ಆದರೆ ಎಲ್ಲರೂ ಹೊರಗೆ ಬಂದರಾ?

ಬಾಗಿಲು ತೆರೆದರೂ ಕಾಲು ಬರದು

ಗಂಡಸರು ಬೇಗ ಹೊರಗೆ ಬಂದರು. ಅವರಿಗೆ ಟೀ ಅಂಗಡಿ ಇದೆ. ಅರಳಿಕಟ್ಟೆ ಇದೆ. ಡೇರಿ ಮುಂದೆ ನಿಂತು ಮಾತಾಡಲು ಜಾಗ ಇದೆ. ನಮಗೆ ಕೂಡುವ ಜಾಗ ಮೊದಲೇ ಕಡಿಮೆ. ಇದ್ದ ಒಂದೆರಡು ಜಾಗಕ್ಕೂ ಹೋಗೋ ರೂಢಿ ತಪ್ಪಿತು.

ಕೆಲವರು ಹೀಗೆ ಹೇಳುತ್ತಾರೆ:

"ಯಾಕೋ ಜನರ ಮಧ್ಯೆ ಕೂರೋಕೆ ಆಗಲ್ಲ ಕಣಕ್ಕಾ. ಎದೆ ಢವಢವ ಅನ್ನುತ್ತೆ."

"ಎರಡು ವರ್ಷ ಹೋಗಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಹೋಗಲಿ?"

"ಸಂಘದ ಸಾಲದ ಕಂತು ಬಾಕಿ ಇದೆ. ನಾಚಿಕೆ ಆಗುತ್ತೆ."

"ಸಂಜೆ ಹೊತ್ತು ಮೊಬೈಲ್ ನೋಡ್ತೀನಿ. ಅದೇ ಅಭ್ಯಾಸ ಆಗಿಹೋಯ್ತು."

ಇದು ಯಾರ ತಪ್ಪೂ ಅಲ್ಲ. ಯೋಚಿಸಿ. ಕಾಲು ಮುರಿದು ಮೂರು ತಿಂಗಳು ಪಟ್ಟಿ ಕಟ್ಟಿದರೆ ಏನಾಗುತ್ತೆ? ಪಟ್ಟಿ ಬಿಚ್ಚಿದ ದಿನವೇ ಓಡೋಕೆ ಆಗಲ್ಲ. ಕಾಲು ಸೊರಗಿರುತ್ತೆ. ಗೋಡೆ ಹಿಡಿದು ಮೆಲ್ಲಗೆ ನಡೆಯಬೇಕು. ಮನಸ್ಸೂ ಹಾಗೇ. ಎರಡು ವರ್ಷ ಜನರನ್ನು ಕಂಡರೆ ದೂರ ಸರಿಯಿರಿ ಎಂದು ಅದಕ್ಕೆ ಕಲಿಸಿದೆವು. ಕಲಿತದ್ದನ್ನು ಅದು ಬೇಗ ಮರೆಯುವುದಿಲ್ಲ.

ಹಿಂದೆಯೂ ಹೀಗಾಗಿತ್ತು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಲಿ ಬಿದ್ದರೆ ಊರು ಬಿಡಬೇಕು ಅನ್ನುತ್ತಿದ್ದರು. ಜನ ಮನೆಗೆ ಬೀಗ ಹಾಕಿ ಊರ ಹೊರಗೆ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಕಾಯಿಲೆ ಇಳಿದ ಮೇಲೆ ಊರಿಗೆ ಮರಳುತ್ತಿದ್ದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೂ ಆ ಪ್ಲೇಗಿನ ನಂತರವೇ.

ಆಗಿಗೂ ಈಗಿಗೂ ಒಂದು ವ್ಯತ್ಯಾಸ ಇದೆ. ಪ್ಲೇಗಿನಲ್ಲಿ ಊರೇ ಎದ್ದು ಹೊರಗೆ ಹೋಯಿತು, ಊರೇ ಮರಳಿ ಬಂತು. ಕೊರೊನಾದಲ್ಲಿ ಒಂದೊಂದು ಮನೆ ಒಂದೊಂದು ಬಾಗಿಲು ಹಾಕಿಕೊಂಡಿತು. ಒಬ್ಬೊಬ್ಬರೇ ಒಳಗೆ ಹೋದೆವು. ಅದಕ್ಕೇ ಹೊರಗೆ ಬರುವುದೂ ಒಬ್ಬೊಬ್ಬರಿಗೆ ಕಷ್ಟವಾಗಿದೆ.

ಇನ್ನೊಂದು ಮಾತು. ಆಗ ಎಲ್ಲೆಲ್ಲೂ "ಸಾಮಾಜಿಕ ಅಂತರ" ಎಂದು ಬರೆದಿದ್ದರು. ಬೇಕಾಗಿದ್ದು ಮೈಗೆ ಮೈಗೆ ಅಂತರ. ಮನಸ್ಸಿಗೆ ಮನಸ್ಸಿಗೆ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2020ರಲ್ಲೇ "ದೈಹಿಕ ಅಂತರ" ಎಂದು ಮಾತು ತಿದ್ದಿಕೊಂಡಿತು. ಕಾಯಿಲೆ ಹೋದರೂ ಮನಸ್ಸಿನ ಅಂತರ ಉಳಿಯಬಾರದು.

ಕೂಡಿ ಕೂರುವುದು ಹೊತ್ತು ಹಾಳಲ್ಲ

"ಕೆಲಸ ಇಲ್ವಾ ಇವರಿಗೆ? ಜಗಲಿ ಮೇಲೆ ಕೂತು ಹರಟೆ ಹೊಡೀತಾರೆ." ಈ ಮಾತು ನಾವು ಎಷ್ಟು ಸಲ ಕೇಳಿಲ್ಲ?

ಈಗ ವೈದ್ಯರ ಮಾತು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಒಂದು ವರದಿ ಕೊಟ್ಟಿತು. ಲೋಕದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ ಕಾಡುತ್ತಿದೆ ಎಂದು ಅದರಲ್ಲಿದೆ. ಒಂಟಿತನದಿಂದ ಮನಸ್ಸು ಮಾತ್ರ ಕುಗ್ಗುವುದಿಲ್ಲ. ಹೃದಯದ ಕಾಯಿಲೆ, ಲಕ್ವ, ಸಕ್ಕರೆ ಕಾಯಿಲೆ ಬರುವ ಅಪಾಯವೂ ಹೆಚ್ಚುತ್ತದೆ. ಜನರ ಜೊತೆ ಒಡನಾಟ ಇದ್ದವರ ಆರೋಗ್ಯ ಚೆನ್ನಾಗಿರುತ್ತದೆ, ಆಯಸ್ಸೂ ಹೆಚ್ಚುತ್ತದೆ.

ಕೂಡಿ ಕೂತರೆ ಬಲವೂ ಬರುತ್ತದೆ. ಇದಕ್ಕೆ ನಾವು ದೂರ ಹೋಗಬೇಕಿಲ್ಲ. ನಮ್ಮ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಸರ್ಕಾರ ಹೊರಟಿತ್ತು. 2022ರ ಏಪ್ರಿಲ್ 4ರಂದು ಚನ್ನರಾಯಪಟ್ಟಣದಲ್ಲಿ ರೈತರು ಧರಣಿ ಕೂತರು. ಎರಡು ವರ್ಷ ಬಾಗಿಲು ಹಾಕಿಕೊಂಡಿದ್ದ ಮನೆಗಳಿಂದ ಹೆಂಗಸರೂ ಬಂದು ಕೂತರು. ಧರಣಿ ಮೂರು ವರ್ಷ ದಾಟಿತು. 2025ರ ಜುಲೈ 15ರಂದು ಜಮೀನು ತೆಗೆದುಕೊಳ್ಳುವುದನ್ನು ಕೈಬಿಟ್ಟಿದ್ದೇವೆ ಎಂದು ಮುಖ್ಯಮಂತ್ರಿ ಹೇಳಿದರು. ಒಬ್ಬೊಬ್ಬರೇ ಮನೆಯಲ್ಲಿ ಕೂತು ಕೊರಗಿದ್ದರೆ ಇದು ಆಗುತ್ತಿತ್ತಾ?

ಕಷ್ಟಕ್ಕೆ ಕೂಡಿದೆವು. ಇನ್ನು ಸಂತೋಷಕ್ಕೂ ಕೂಡೋಣ.

ಮೊದಲು ಇಬ್ಬರು ಸಾಕು

ಹೇಗೆ ಶುರು ಮಾಡೋದು? ಮೊದಲ ದಿನವೇ ಜಾತ್ರೆಗೆ ಹೋಗಬೇಕಿಲ್ಲ. ಮದುವೆ ಮನೆಯ ಗದ್ದಲಕ್ಕೆ ಹೋಗಬೇಕಿಲ್ಲ. ಇಬ್ಬರು ಸೇರಿದರೆ ಸಾಕು.

ಪಕ್ಕದ ಮನೆಯವರನ್ನು ಕರೆಯಿರಿ. ಒಟ್ಟಿಗೆ ಕೂತು ಹೂ ಕಟ್ಟಿ. ಅವರೆಕಾಯಿ ಸುಲಿಯಿರಿ. ಕೈಗೆ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತೆ. ಏನು ಮಾತಾಡಲಿ ಅನ್ನೋ ಮುಜುಗರ ಇರಲ್ಲ.

ಅರ್ಧ ಗಂಟೆ ಸಾಕು. ದಣಿವಾದರೆ ಎದ್ದು ಬನ್ನಿ. ನಾಳೆ ಮತ್ತೆ ಹೋಗಿ. ವಾರ ಕಳೆದ ಮೇಲೆ ಮೂರನೆಯವರನ್ನು ಕರೆಯಿರಿ. ದಿನ ಮತ್ತು ಹೊತ್ತು ಒಂದೇ ಇರಲಿ. ಶುಕ್ರವಾರ ಸಂಜೆ ಅಂದರೆ ಪ್ರತಿ ಶುಕ್ರವಾರ ಸಂಜೆ. ಆಗ ರೂಢಿ ಬೇಗ ಬೀಳುತ್ತೆ.

ಹಳೆಯ ಆಟ ಹೊರಗೆ ತೆಗೆಯಿರಿ

ಮಾತು ಬೇಡ ಅನ್ನಿಸಿದರೆ ಆಟ ಆಡಿ. ಚೌಕಾಬಾರ ನೆನಪಿದೆಯಲ್ಲ? ನೆಲದ ಮೇಲೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಐದು, ಅಡ್ಡಕ್ಕೆ ಐದು ಮನೆ ಬರೆಯಿರಿ. ಒಟ್ಟು 25 ಮನೆ. ನಾಲ್ಕು ಕವಡೆ ಬೇಕು. ಕವಡೆ ಇಲ್ಲದಿದ್ದರೆ ಒಂದು ಕಡೆ ತೇಯ್ದ ಹುಣಸೆ ಬೀಜ ಆಗುತ್ತೆ. ಕಾಯಿಗೆ ಬಳೆಚೂರು, ಕಲ್ಲು, ಕಡ್ಡಿ ಏನಾದರೂ ಸರಿ. ಇಬ್ಬರಿಂದ ನಾಲ್ಕು ಜನ ಆಡಬಹುದು. ನಾಲ್ಕು ಕವಡೆಯೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಕಾಡೆ ಬಿದ್ದರೆ ಬಾರ, ಅಂದರೆ ಎಂಟು. ಕಾಯಿ ಸುತ್ತು ಹಾಕಿ ನಡುಮನೆ ಸೇರಿದರೆ ಹಣ್ಣಾಯಿತು.

ಅಟ್ಟದ ಮೇಲೆ ಅಳಿಗುಳಿ ಮಣೆ ಇದ್ದರೆ ಇಳಿಸಿ, ಧೂಳು ಒರೆಸಿ. ಅದರಲ್ಲಿ 14 ಗುಳಿ ಇರುತ್ತವೆ. ಹುಣಸೆ ಬೀಜ ಹಂಚುತ್ತಾ ಹೋಗಬೇಕು. ಲೆಕ್ಕ ಕಲಿತ ನಮಗೆ ಇದು ಒಳ್ಳೆಯ ಪಾಠ. ಮೊಬೈಲನ್ನು ಒಬ್ಬರೇ ನೋಡಬಹುದು. ಅಳಿಗುಳಿ ಮಣೆಗೆ ಎದುರಿಗೆ ಒಬ್ಬರು ಬೇಕೇ ಬೇಕು.

ಹಾಡು ಬರುವವರು ಹಾಡಿ. ರಾಗಿ ಬೀಸುವ ಪದ, ಸೋಬಾನೆ ಪದ ವಯಸ್ಸಾದವರಿಗೆ ಬಾಯಿಪಾಠ ಇರುತ್ತೆ. ಅವರು ಹೇಳಲಿ, ನಾವು ಬರೆದುಕೊಳ್ಳೋಣ. ಅಕ್ಷರ ಕಲಿತದ್ದು ಇದಕ್ಕೂ ಆಯ್ತು. ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಈಗ "ಅರಿವು ಕೇಂದ್ರ" ಎಂದು ಹೆಸರು. ಅಲ್ಲಿಗೂ ಹೋಗಿ. ಒಬ್ಬರು ಓದಿ, ನಾಲ್ಕು ಜನ ಕೇಳಿ.

ಊರ ಹೊರಗೂ ಒಂದು ಹೆಜ್ಜೆ

ಸ್ವಲ್ಪ ಧೈರ್ಯ ಬಂದ ಮೇಲೆ ಬಸ್ಸು ಹತ್ತೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ರಾಜ್ಯದ ಒಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಗುರುತಿನ ಚೀಟಿ ಜೊತೆಗಿರಲಿ.

ದೇವನಹಳ್ಳಿ ಕೋಟೆ ಹತ್ತಿರವೇ ಇದೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ಇದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯ ಇದೆ. ನಾಲ್ಕು ಜನ ಸೇರಿ ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೋಗಿ, ಸಂಜೆ ಬನ್ನಿ. ಬಸ್ಸಿನ ಬೋರ್ಡನ್ನು ಯಾರನ್ನೂ ಕೇಳಬೇಡಿ. ನೀವೇ ಓದಿ ಹತ್ತಿ.

ಯಾರು ಇನ್ನೂ ಬಂದಿಲ್ಲ?

ಈಗ ಮುಖ್ಯವಾದ ಮಾತು. ಹೊರಗೆ ಬಂದವರು ಸುಮ್ಮನೆ ಕೂರಬಾರದು. ಬರದವರನ್ನು ಹೋಗಿ ಕರೆಯಬೇಕು.

ಒಂದು ಹಾಳೆ ತೆಗೆದುಕೊಳ್ಳಿ. ಕೊರೊನಾಕ್ಕೆ ಮುಂಚೆ ಸಂಘಕ್ಕೆ, ಭಜನೆಗೆ, ಜಗಲಿಗೆ ಬರುತ್ತಿದ್ದವರ ಹೆಸರು ಬರೆಯಿರಿ. ಈಗ ಬರುತ್ತಿರುವವರ ಹೆಸರಿನ ಮುಂದೆ ಗುರುತು ಹಾಕಿ. ಗುರುತು ಇಲ್ಲದ ಹೆಸರು ಯಾರದು? ಆ ಮನೆಗೆ ಹೋಗಬೇಕು.

ಗಂಡನನ್ನು ಕಳೆದುಕೊಂಡವರು ಇರಬಹುದು. ಮಗನನ್ನು ಕಳೆದುಕೊಂಡ ತಾಯಿ ಇರಬಹುದು. ಕೊರೊನಾ ಕಾಲದ ಸಾವು ಬಲು ಕೆಟ್ಟದ್ದು. ಮಣ್ಣಿಗೆ ಹೋಗಲು ಜನರನ್ನು ಬಿಡಲಿಲ್ಲ. ನಾಲ್ಕು ಜನ ಬಂದು ಕೂತು ಅಳಲಿಲ್ಲ. ಆ ಅಳು ಇನ್ನೂ ಎದೆಯಲ್ಲೇ ಇದೆ. "ಐದು ವರ್ಷ ಆಯ್ತು, ಈಗೇನು ಹೋಗೋದು?" ಅನ್ನಬೇಡಿ. ಹೋಗಿ. ತೀರಿಕೊಂಡವರ ಹೆಸರು ಹೇಳಿ ಮಾತಾಡಿ. ಅವರು ಅತ್ತರೆ ಅಳಲಿ. ಕೈ ಹಿಡಿದು ಕೂತಿರಿ.

ಕರೆಯುವ ರೀತಿ ಹೀಗಿರಲಿ:

"ಬಾರಕ್ಕಾ, ನಿನ್ನ ಕೈಯಲ್ಲಿ ಹಾಡು ಹೇಳಿಸ್ಕೊಂಡು ಎಷ್ಟು ದಿನ ಆಯ್ತು!"

"ನಾನ್ಯಾಕಮ್ಮ? ನನ್ನ ಹಣೆ ನೋಡಿದ್ರೆ ಜನ ಏನಂತಾರೋ."

"ಯಾರೂ ಏನೂ ಅನ್ನಲ್ಲ. ನಾನು ಪಕ್ಕದಲ್ಲೇ ಕೂತಿರ್ತೀನಿ. ಸಾಕು ಅನ್ನಿಸಿದ್ರೆ ಇಬ್ಬರೂ ಎದ್ದು ಬರೋಣ."

"ಸಾಲ ಕಟ್ಟಿಲ್ಲ" ಎಂದರೆ, "ಅದರ ಮಾತು ಬೇರೆ ದಿನ, ಇವತ್ತು ಆಟಕ್ಕೆ ಬಾ" ಅನ್ನಿ. ಗಂಡ ಸತ್ತವಳು ಎಂದು ಯಾರನ್ನೂ ಆರತಿಯಿಂದ, ಹಬ್ಬದಿಂದ ದೂರ ಇಡಬೇಡಿ. ಆ ಕೇರಿ, ಈ ಕೇರಿ ಎಂದು ಭೇದ ಮಾಡಬೇಡಿ. ಅಂತರ ಇಟ್ಟರೆ ಎಷ್ಟು ನೋವು ಎಂದು ಕೊರೊನಾ ಎಲ್ಲರಿಗೂ ತೋರಿಸಿದೆ.

ಸ್ವಲ್ಪ ಎಚ್ಚರ ಇರಲಿ

ಕೊರೊನಾ ಪೂರ್ತಿ ಹೋಗಿಲ್ಲ. ಆದರೆ ಹೆದರಿ ಬಾಗಿಲು ಹಾಕಬೇಕಿಲ್ಲ. ಈ ಕಾಯಿಲೆ ಉಸಿರಿನಿಂದ ಹರಡುತ್ತದೆ. ಗಾಳಿ ಆಡದ ಕೋಣೆಯಲ್ಲಿ ಹೆಚ್ಚು ಹರಡುತ್ತದೆ. ಅದಕ್ಕೇ ಜಗಲಿ, ಮರದ ನೆರಳು, ಶಾಲೆಯ ಬಯಲು ಒಳ್ಳೆಯ ಜಾಗ. ಜ್ವರ, ಕೆಮ್ಮು ಇದ್ದರೆ ಅಂದು ಮನೆಯಲ್ಲೇ ಇರಿ. ವಯಸ್ಸಾದವರು ಇರುವ ಕಡೆ ಕೆಮ್ಮುವವರು ಬಾಯಿ ಮೂಗು ಮುಚ್ಚಿಕೊಳ್ಳಿ.

ಕೆಲವರಿಗೆ ಕರೆದರೂ ಬರಲು ಆಗುವುದಿಲ್ಲ. ನಿದ್ದೆ ಬರಲ್ಲ. ಊಟ ಸೇರಲ್ಲ. ಬದುಕೇ ಬೇಡ ಅನ್ನಿಸುತ್ತೆ. ಇದು ಸೋಮಾರಿತನ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಇದು ಕಾಯಿಲೆ. ಇದಕ್ಕೆ ಔಷಧಿ ಇದೆ. 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ, ಹೊರಗೆ ಹೋಗಲು ಬಿಡದಿದ್ದರೆ 181ಕ್ಕೆ ಫೋನ್ ಮಾಡಿ. ಅದು ಹೆಂಗಸರ ಸಹಾಯವಾಣಿ. ಊರಿನ ಆಶಾ ಕಾರ್ಯಕರ್ತೆಗೂ ಹೇಳಬಹುದು.

ಈ ಎರಡು ನಂಬರನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಮಾತಾಡೋಣ, ಬರೆಯೋಣ

1. ಕೊರೊನಾಕ್ಕೆ ಮುಂಚೆ ನಿಮಗೆ ಇಷ್ಟವಾದ ಆಟ ಅಥವಾ ಹಾಡು ಯಾವುದು? ಅದನ್ನು ಕೊನೆಯ ಸಲ ಯಾವಾಗ ಆಡಿದಿರಿ, ಹಾಡಿದಿರಿ?

2. ನಿಮ್ಮ ಊರಲ್ಲಿ ಹೆಂಗಸರು ಕೂಡಿ ಕೂರಲು ಜಾಗ ಎಲ್ಲಿದೆ? ಇಲ್ಲದಿದ್ದರೆ ಗ್ರಾಮ ಸಭೆಯಲ್ಲಿ ಹೇಗೆ ಕೇಳುವಿರಿ?

3. ಇನ್ನೂ ಬರದಿರುವ ಮೂವರ ಹೆಸರು ಬರೆಯಿರಿ. ಯಾರ ಮನೆಗೆ ಯಾರು ಹೋಗುತ್ತೀರಿ? ಯಾವ ದಿನ? ಅದನ್ನೂ ಬರೆಯಿರಿ.