ಛಾವಣಿಯ ಕೆಲಸವೂ ಹೊಣೆಯ ವಿಮೆಯೂ

ಮನೆ ಕಟ್ಟಿಸುವವರು ಛಾವಣಿಯ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವುದುಂಟು: ಖರ್ಚು ಎಷ್ಟಾದೀತು? ಸೋರದೆ ಎಷ್ಟು ವರ್ಷ ನಿಂತೀತು? ಇವಲ್ಲದೆ ಮೂರನೆಯದೊಂದು ಪ್ರಶ್ನೆ ಇದೆ. ಕೆಲಸ ನಡೆಯುತ್ತಿರುವಾಗ ಮೇಲಿನಿಂದ ಮನುಷ್ಯನೋ ಕಲ್ಲೋ ಕೆಳಗೆ ಬಿದ್ದರೆ ಆ ನಷ್ಟವನ್ನು ತುಂಬಿಕೊಡುವವರು ಯಾರು? ಬಾಗಲಕೋಟೆಯ ಸೀಮೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ನಾವು ಈಗ ವಿಚಾರ ಮಾಡೋಣ.

ಬಾದಾಮಿ, ಹುನಗುಂದ, ಇಳಕಲ್ಲುಗಳದು ಕಲ್ಲಿನ ನಾಡು. ಹುನಗುಂದದ ಸೀಮೆಗೆ ಸೇರಿದ ಐಹೊಳೆಯ ಲಾಡಖಾನ ಗುಡಿಯಲ್ಲಿ ಶಿಲ್ಪಿಗಳು ಚಪ್ಪಡಿಗಳ ಸಂದುಗಳ ಮೇಲೆ ಉದ್ದನೆಯ ಕಲ್ಲುಪಟ್ಟಿಗಳನ್ನು ಹೊದಿಸಿ ಮಳೆನೀರನ್ನು ತಡೆದಿರುವರು. ಜನಸಾಮಾನ್ಯರ ಹಳೆಯ ಮನೆಗಳಿಗೆ ಮಾತ್ರ ಮಣ್ಣಿನ ಮಾಳಿಗೆಯೇ ಗತಿಯಾಗಿತ್ತು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಮಣ್ಣು. ಬೇಸಗೆಯಲ್ಲಿ ಇದು ಬಹಳ ತಂಪು; ಆದರೆ ಬಹಳ ಭಾರ. ಹತ್ತು ಅಡಿ ಚೌಕದ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣಿದ್ದರೆ ಅದರ ತೂಕ ಸುಮಾರು 4.5 ಟನ್ನು, ಮಳೆಯ ನೀರು ಕುಡಿದಾಗ ಇನ್ನೂ ಹೆಚ್ಚು.

ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರವು ಎದ್ದಿತು. ಅಲ್ಲಿ ಸಿಮೆಂಟು ಕಾಂಕ್ರೀಟಿನ ಛಾವಣಿಗಳು ಬಂದವು. ಇತರ ಊರುಗಳಲ್ಲಿಯೂ ಹಳೆಯ ಮಾಳಿಗೆಯನ್ನು ಇಳಿಸಿ ಕಾಂಕ್ರೀಟನ್ನೋ ತಗಡನ್ನೋ ಹಾಕಿಸುವುದುಂಟು. ಹೀಗೆ ಇಳಿಸುವ ಕೆಲಸ ಹೊಸದನ್ನು ಕಟ್ಟುವುದಕ್ಕಿಂತಲೂ ಅಪಾಯಕರವಾಗಬಹುದು. ಮಣ್ಣಿನಡಿಯಲ್ಲಿ ಗೆದ್ದಲು ತಿಂದ ತೊಲೆ ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ನಿಂತವನು ಬೀಳಬಹುದು. ಎರಡು ಮನೆಗಳು ಒಂದೇ ಗೋಡೆಯನ್ನು ಆತುಕೊಂಡಿದ್ದರೆ ನೆರೆಯವನ ಮನೆಯೂ ಬಿರಿಯಬಹುದು. ಓಣಿಯಲ್ಲಿ ಹೋಗುವವರ ಮೇಲೆ ಕಲ್ಲು ಉರುಳಬಹುದು.

ಇಂತಹ ಅನಾಹುತಕ್ಕೆ ಹೊಣೆ ಯಾರೆಂಬ ಚರ್ಚೆ ಬಹು ಪುರಾತನವಾದುದು. ಸುಮಾರು 3,750 ವರ್ಷಗಳ ಹಿಂದೆ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಶಾಸನದಲ್ಲಿ, ಮನೆ ಕುಸಿದು ಒಡೆಯನು ಸತ್ತರೆ ಕಟ್ಟಿದವನಿಗೆ ಮರಣದಂಡನೆ ಎಂದಿತ್ತು. ಕಟ್ಟಿದವನನ್ನು ಕೊಂದರೆ ಸತ್ತವನ ಮಕ್ಕಳಿಗೆ ಅನ್ನ ಹುಟ್ಟೀತೆ? ಈಗಿನ ಕಾಯಿದೆ ಪ್ರಾಣಕ್ಕೆ ಪ್ರಾಣವನ್ನು ಕೇಳದೆ, ಕುಟುಂಬಕ್ಕೆ ಪರಿಹಾರವನ್ನು ಕೇಳುತ್ತದೆ.

ನಮ್ಮ ದೇಶದಲ್ಲಿ 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆ ಈ ದಾರಿಯನ್ನು ತೆರೆಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದೇ ತತ್ತ್ವವನ್ನು ಉಳಿಸಿಕೊಂಡಿದೆ. ಕೆಲಸದಲ್ಲಿ ಕೂಲಿಕಾರನು ಮಡಿದರೆ ಮಾಲಿಕನ ತಪ್ಪನ್ನು ಸಾಧಿಸಿ ತೋರಿಸಬೇಕಾಗಿಲ್ಲ. ತಿಂಗಳ ವೇತನದ ಅರ್ಧವನ್ನು ವಯಸ್ಸಿಗೆ ಗೊತ್ತುಮಾಡಿದ ಅಂಕದಿಂದ ಗುಣಿಸಿ ಪರಿಹಾರವನ್ನು ಎಣಿಸುವರು. 30 ವರ್ಷದವನಿಗೆ ಆ ಅಂಕ 207.98. ವೇತನ 12,000 ರೂಪಾಯಿಯಾದರೆ ಪರಿಹಾರವು 12,47,880 ರೂಪಾಯಿಯಾಗುತ್ತದೆ. ಒಂದು ತಿಂಗಳೊಳಗೆ ಇದು ಸಲ್ಲದಿದ್ದರೆ ಶೇಕಡ 12ರ ಬಡ್ಡಿಯೂ, ತಡಕ್ಕೆ ಯೋಗ್ಯ ಕಾರಣವಿಲ್ಲದಿದ್ದರೆ ದಂಡವೂ ಸೇರಬಹುದು.

ಇಲ್ಲಿಯೇ ತೊಡಕು ಕಾಣಿಸುತ್ತದೆ. ನಮ್ಮ ಊರುಗಳಲ್ಲಿ ಛಾವಣಿಯ ಗುತ್ತಿಗೆ ಹಿಡಿಯುವವನು ಅನೇಕ ವೇಳೆ ನಾಲ್ಕೈದು ಆಳುಗಳನ್ನು ಕಟ್ಟಿಕೊಂಡ ಗೌಂಡಿ. ತಾನೂ ಅವರೊಡನೆ ಮೇಲೆ ಹತ್ತುವವನು. ಹನ್ನೆರಡು ಲಕ್ಷವನ್ನು ಅವನು ಎಲ್ಲಿಂದ ತಂದಾನು? ವಿಧವೆಯ ಕೈಯಲ್ಲಿ ತೀರ್ಪು ಇರುವುದು, ಹಣ ಇರದು. ಹಕ್ಕನ್ನು ಹಣವಾಗಿ ಮಾಡಿಕೊಡುವ ಸಾಧನವೇ ಹೊಣೆಯ ವಿಮೆ. ನೂರಾರು ಗುತ್ತಿಗೆದಾರರು ಸಣ್ಣ ಸಣ್ಣ ಕಂತುಗಳನ್ನು ಕೂಡಿಸಿದಲ್ಲಿ, ಒಬ್ಬನ ಮೇಲೆ ಬಿದ್ದ ಭಾರವನ್ನು ಎಲ್ಲರೂ ಹೊತ್ತಂತಾಗುವುದು.

ಈ ವಿಮೆಯಲ್ಲಿ ಮುಖ್ಯವಾಗಿ ಎರಡು ಬಗೆಗಳನ್ನು ನಾವು ತಿಳಿದಿರಬೇಕು. ಮೊದಲನೆಯದು ಗುತ್ತಿಗೆದಾರನ ಕೂಲಿಕಾರರಿಗೆ ಸಂಬಂಧಿಸಿದ್ದು. ಅದರ ಕಂತನ್ನು ಒಟ್ಟು ಕೂಲಿಯ ಮೇಲೂ ಕೆಲಸದ ಸ್ವರೂಪದ ಮೇಲೂ ನಿಗದಿಮಾಡುವರು. ಹತ್ತು ಆಳುಗಳಿರುವಲ್ಲಿ ಮೂವರೆಂದೂ, ಎತ್ತರದ ಕೆಲಸವನ್ನು ನೆಲದ ಕೆಲಸವೆಂದೂ ಬರೆಸಿದರೆ ಕಂತು ಉಳಿದೀತು. ಆದರೆ ಅಪಾಯದ ದಿನ ಪಾಲಿಸಿ ಕೈಕೊಟ್ಟೀತು. ಎರಡನೆಯದು ಹೊರಗಿನವರಿಗೆ, ಅಂದರೆ ನೆರೆಯವರಿಗೂ ದಾರಿಹೋಕರಿಗೂ ಆಗುವ ಹಾನಿಗೆ. ಇಲ್ಲಿ ಗುತ್ತಿಗೆದಾರನ ಅಲಕ್ಷ್ಯವನ್ನು ಸಾಮಾನ್ಯವಾಗಿ ರುಜುಪಡಿಸಬೇಕು. ಒಂದೊಂದು ಅಪಘಾತಕ್ಕೆ ಕಂಪನಿ ಇಷ್ಟೇ ಕೊಡುವುದೆಂಬ ಮಿತಿಯೂ ಪಾಲಿಸಿಯಲ್ಲಿರುತ್ತದೆ. ಒಂದನ್ನು ಕೊಂಡವನಿಗೆ ಇನ್ನೊಂದು ತಾನಾಗಿ ಬರುವುದಿಲ್ಲ.

ವಿಮೆಯು ಕೆಟ್ಟ ಕೆಲಸಕ್ಕೆ ಮುಚ್ಚಳವೂ ಅಲ್ಲ. ಛಾವಣಿ ಸೋರಿದರೆ ಅದನ್ನು ಮತ್ತೆ ಸರಿಮಾಡುವ ಖರ್ಚನ್ನು ಹೊಣೆಯ ಪಾಲಿಸಿ ಸಾಮಾನ್ಯವಾಗಿ ಕೊಡುವುದಿಲ್ಲ. ಪರಿಹಾರವನ್ನು ತಡಮಾಡಿದ ತಪ್ಪಿಗೆ ಬೀಳುವ ದಂಡವನ್ನೂ ಗುತ್ತಿಗೆದಾರನೇ ತೆರಬೇಕೆಂದು ಸುಪ್ರೀಂ ಕೋರ್ಟು 1997ರಲ್ಲಿ ನಿರ್ಣಯಿಸಿದೆ. ಭದ್ರವಾದ ಅಟ್ಟಣೆ, ಸೊಂಟದ ಹಗ್ಗ, ತೊಲೆಗಳ ಪರೀಕ್ಷೆ ಇವು ಮೊದಲು, ಪಾಲಿಸಿ ಅನಂತರ.

ಮನೆಯ ಯಜಮಾನನ ಕರ್ತವ್ಯವೇನು? ವ್ಯಾಪಾರಿಯು ತನ್ನ ವ್ಯಾಪಾರದ ಅಂಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ ಪರಿಹಾರಕ್ಕೆ ಆತನನ್ನೂ ಹಿಡಿಯಬಹುದು. ವಾಸದ ಮನೆ ಕಟ್ಟಿಸುವ ಗೃಹಸ್ಥನಿಗೆ ಈ ನಿಯಮ ಸಾಮಾನ್ಯವಾಗಿ ಅನ್ವಯಿಸದು. ಆದರೂ ಕಾಯಿದೆ ಬಿಟ್ಟಿತೆಂದು ಧರ್ಮವೂ ಬಿಟ್ಟೀತೆ? ಕರಾರಿಗೆ ಸಹಿ ಹಾಕುವ ಮೊದಲು ನಾವು ಪಾಲಿಸಿಯ ಕಾಗದವನ್ನು ಕೇಳಿ ನೋಡಬೇಕು: ಯಾರ ಹೆಸರಿನಲ್ಲಿದೆ, ಎಷ್ಟು ಆಳುಗಳಿಗೆ, ಯಾವ ತಾರೀಖಿನವರೆಗೆ. ಗುತ್ತಿಗೆದಾರನು ಕಂತಿನ ಹಣವನ್ನು ದರದಲ್ಲಿ ಸೇರಿಸಿದರೆ ಅದನ್ನು ಚೌಕಾಶಿ ಮಾಡಿ ತೆಗೆಸಬಾರದು. ನಮ್ಮ ತಲೆಗೆ ನೆರಳು ಮಾಡಲು ಮೇಲೆ ಹತ್ತಿದವನ ಮನೆಗೂ ನೆರಳಿರಬೇಕಾದುದು ನ್ಯಾಯ. ಅದರ ಬೆಲೆಯೂ ಛಾವಣಿಯ ಬೆಲೆಯಲ್ಲಿ ಸೇರಿದುದೇ ಆಗಿದೆ.