ಪವರ್ ಬ್ಯಾಂಕಿನ ಹಣೆಬರಹ

ಚೀನಾ ದೇಶದ ನಗರವೊಂದರ ಉಪಾಹಾರಗೃಹದಲ್ಲಿ ಕುಳಿತವನೊಬ್ಬನ ಫೋನಿನಲ್ಲಿ ವಿದ್ಯುತ್ತು ಮುಗಿಯುತ್ತ ಬಂದಿದೆಯೆಂದು ಭಾವಿಸೋಣ. ಪಕ್ಕದಲ್ಲಿಯೇ ಗೂಡುಗಳುಳ್ಳ ಪೆಟ್ಟಿಗೆಯೊಂದಿದೆ. ಅದರ ಮೇಲಿನ ಕ್ಯೂಆರ್ ಸಂಕೇತಕ್ಕೆ ಫೋನನ್ನು ಹಿಡಿದೊಡನೆ ಒಂದು ಪವರ್ ಬ್ಯಾಂಕು ಬಾಡಿಗೆಗೆ ದೊರೆಯುತ್ತದೆ. ಹಿಂದಿರುಗಿಸಲು ಅಲ್ಲಿಗೇ ಬರಬೇಕಾಗಿಲ್ಲ. ಅದೇ ಸಂಸ್ಥೆಯ ಬೇರೆ ಯಾವ ಪೆಟ್ಟಿಗೆಯಾದರೂ ಆದೀತು. ಆದರೆ ಅದು ಕಣ್ಣಿಗೆ ಬೀಳಬೇಕಷ್ಟೆ! ಹುಡುಕುತ್ತ ಅಲೆದಷ್ಟು ಹೊತ್ತೂ ಬಾಡಿಗೆ ಏರುತ್ತಲೇ ಇರುತ್ತದೆ. ಸ್ವಂತ ವಸ್ತುವಿನ ಮೇಲಣ ಮುದ್ರೆ ಕೇವಲ ಅಲಂಕಾರವಾಗಿರಬಹುದು. ಹಲವರು ಬಳಸುವ ವಸ್ತುವಿನ ಮುದ್ರೆಯಾದರೋ ದಾರಿ ತೋರುವ ಕೈಮರ.

ಹೆಸರಿನಿಂದ ತೊಡಗೋಣ. 2017ರಲ್ಲಿ ಷಾಂಘೈಯಲ್ಲಿ ಆರಂಭವಾದ ‘ಎನರ್ಜಿ ಮಾನ್‌ಸ್ಟರ್’ ಸಂಸ್ಥೆಯ ಚೀನೀ ಹೆಸರಿಗೆ ‘ರಾಕ್ಷಸ ಚಾರ್ಜಿಂಗ್’ ಎಂಬರ್ಥವಿದೆ. ಇನ್ನೊಂದು ಸಂಸ್ಥೆ ‘ಜ್ಯೇದ್ಯೆನ್’. ಎಂದರೆ ‘ಬೀದಿಯ ವಿದ್ಯುತ್ತು’. ರಾಕ್ಷಸನನ್ನು ಮರೆಯುವುದು ಕಷ್ಟವೇನೋ ನಿಜ. ಆದರೂ ವಸ್ತು ಎಲ್ಲಿ ದೊರೆಯುವುದೆಂದು ಹೇಳುವ ಎರಡನೆಯ ಹೆಸರೇ ನಮಗೆ ಹೆಚ್ಚು ಮೆಚ್ಚಿಗೆ.

ಹೆಸರನ್ನು ಎಷ್ಟು ದೊಡ್ಡದಾಗಿ ಬರೆಯಬೇಕು? ಇದಕ್ಕೆ ದೃಗ್ವಿಜ್ಞಾನವೇ ಉತ್ತರ ಕೊಡುತ್ತದೆ. ಸಾಮಾನ್ಯ ದೃಷ್ಟಿಯು ಬೇರ್ಪಡಿಸಿ ಕಾಣಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಮಿನಿಟು, ಅಂದರೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ. ಇಪ್ಪತ್ತು ಮೀಟರ್ ದೂರದಲ್ಲಿ ಇದು ಸುಮಾರು 5.8 ಮಿಲಿಮೀಟರಿಗೆ ಸಮ. ಸರಳವಾದ ಅಕ್ಷರವೊಂದಕ್ಕೆ ಇಂಥ ಐದು ಪಾಲು ಎತ್ತರ ಬೇಕೆಂದರೂ 29 ಮಿಲಿಮೀಟರ್ ಆಯಿತು. ‘ಬೀದಿ’ಯನ್ನು ಸೂಚಿಸುವ ಚೀನೀ ಅಕ್ಷರದಲ್ಲಿ 12 ರೇಖೆಗಳಿರುವುದರಿಂದ ಅದಕ್ಕೆ ಇನ್ನೂ ಹೆಚ್ಚು ಎತ್ತರ ಬೇಕು. (ನಮ್ಮ ಒತ್ತಕ್ಷರಗಳ ಪಾಡೂ ಇದೇ!) ಇನ್ನು ಬಣ್ಣ: ಕೆಂಪು-ಹಸಿರುಗಳ ಭೇದ ತಿಳಿಯದ ಕಣ್ಣುಗಳೂ ಇರುವುದರಿಂದ ಬಣ್ಣವೊಂದನ್ನೇ ನೆಚ್ಚಬಾರದು, ಆಕೃತಿಯೂ ಭಿನ್ನವಾಗಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಮೈಮೇಲಿನ ಸಂಖ್ಯೆ. ‘5,000 ಮಿಲಿ ಆಂಪಿಯರ್-ಗಂಟೆ’ ಎಂದು ಬರೆದಿದೆಯೆನ್ನೋಣ. ಇದು ಒಳಗಿನ ಲಿಥಿಯಂ ಕೋಶದ ಲೆಕ್ಕ. ಅದರ ವಿಭವ ಸುಮಾರು 3.7 ವೋಲ್ಟ್. ಗುಣಿಸಿದರೆ 18.5 ವಾಟ್-ಗಂಟೆಗಳಷ್ಟು ಶಕ್ತಿ. ಫೋನಿಗೆ ಕೊಡುವಾಗ ವಿಭವವನ್ನು 5 ವೋಲ್ಟಿಗೆ ಏರಿಸಿದರೆ, ಅಷ್ಟೇ ಶಕ್ತಿಯಿಂದ 3,700 ಮಿಲಿ ಆಂಪಿಯರ್-ಗಂಟೆಗಿಂತ ಹೆಚ್ಚು ದೊರೆಯದು. ಪರಿವರ್ತನೆಯಲ್ಲಿ ಶಾಖವಾಗಿ ನಷ್ಟವಾಗುವ ಪಾಲನ್ನು ಕಳೆದರೆ ಇನ್ನೂ ಕಡಿಮೆ. ಬರೆದುದು ಸುಳ್ಳಲ್ಲ, ಆದರೆ ಬಾಡಿಗೆ ತೆತ್ತವನು ಮೋಸಹೋದೆನೆಂದು ತಿಳಿದರೆ ತಪ್ಪು ಅವನದೆನ್ನಲಾಗದು. ವಾಟ್-ಗಂಟೆಯನ್ನೇ ದಪ್ಪಕ್ಷರಗಳಲ್ಲಿ ಮುದ್ರಿಸುವ ಸಂಸ್ಥೆಯ ಲಾಂಛನವನ್ನು ನಾವು ಹೆಚ್ಚು ನಂಬುತ್ತೇವೆ. ವಿಮಾನಯಾನದ ನಿಯಮಗಳೂ ಕೇಳುವುದು ಅದನ್ನೇ: 100 ವಾಟ್-ಗಂಟೆಯನ್ನು ಮೀರಿದರೆ ವಿಶೇಷ ಅನುಮತಿ ಬೇಕು.

ಕೈಯಿಂದ ಕೈಗೆ, ಜೇಬಿನಿಂದ ಜೇಬಿಗೆ ದಾಟುವ ಈ ವಸ್ತುವಿನ ಮೇಲಿನ ಬರಹ ಬೇಗ ಸವೆಯುತ್ತದೆ. ಆದುದರಿಂದ ಶಾಯಿಯ ಅಚ್ಚಿಗಿಂತ, ಹೊರಕವಚದಲ್ಲಿಯೇ ಕೊರೆದ ಅಕ್ಷರ ಮೇಲು. 2025ರ ಜೂನ್ 28ರಿಂದ ಚೀನಾದ ಒಳನಾಡಿನ ವಿಮಾನಗಳಲ್ಲಿ ‘3ಸಿ’ ಎಂಬ ಸುರಕ್ಷತಾ ಮುದ್ರೆಯಿಲ್ಲದ, ಅಥವಾ ಆ ಮುದ್ರೆ ಸ್ಪಷ್ಟವಾಗಿ ಕಾಣದ, ಪವರ್ ಬ್ಯಾಂಕುಗಳನ್ನು ಒಯ್ಯುವುದು ನಿಷಿದ್ಧವಾಯಿತು.